ಬಿಟ್ಟದ್ದಲ್ಲ, ಬಿಡಿಸಿದ್ದು

ಅಲ್ಲ ತಂಗಿ, ಅದೆಲ್ಲಾ ಇರಲಿ, ಬಾಜೂ ಮನಿ ಅಕ್ಕಗ ನೀ ನಿನ್ನೆ 'ನಾನಽ ಕೆಲಸಾ ಬಿಟ್ಟ ಬಂದೇನ್ರಿ' ಅಂತ ಯಾಕ ಹೇಳಿದಿ? ನಾ ಇಲ್ಲೇ ಕಟ್ಟಿ ಮ್ಯಾಗ ಕುಂತಿದ್ನಿ, ಕೇಳಿಸ್ತು. ಕಣ್ಣು ಮಂಜ ಆಗ್ಯಾವು, ಕಿವಿ ಇನ್ನೂ ಆಗಿಲ್ಲ. ನೀ ಬಿಟ್ಟಿಲ್ಲ ಸುಜಾತಾ, ಅವ್ರು ಬಿಡಿಸ್ಯಾರ. ಮೂರ ವರ್ಷ ಬೆಳಗಾವ್ಯಾಗ ಆ ಕಂಪನ್ಯಾಗ ನಿಂತ ನಿಂತ ಮಶೀನಿನ ಸಾಮಾನು ತಪಾಸ ಮಾಡಿದಾಕಿ ನೀ. ಆರ್ಡರ್ ಕಡಿಮಿ ಆದ್ವು ಅಂತ ಒಂದ ಮುಂಜಾನೆ ನಿಮ್ಮನ್ನೆಲ್ಲಾ ಮನಿಗೆ ಕಳಿಸಿದ್ರು. ಅದರಾಗ ನಿಂದೇನು ತಪ್ಪು? ತಪ್ಪು ನಿಂದಲ್ಲ ಅಂದ ಮ್ಯಾಲೆ ಆ ನಾಚಿಕಿ ನೀ ಯಾಕ ಹೊರಬೇಕು? ಕೂಡು ಇಲ್ಲೆ. ನಿನ್ನ ತಮ್ಮ ರಾಹುಲನ್ನೂ ಕರಿ, ಆ ಮೊಬೈಲ್ ಒಳಗ ಇಟ್ಟು ಬರಲಿ. ನಾ ಇದನ್ನ ಯಾರಿಗೂ ಪೂರಾ ಹೇಳಿಲ್ಲ, ನಿಮ್ಮವ್ವಗೂ ಪೂರಾ ಹೇಳಿಲ್ಲ. ನಿಮ್ಮಜ್ಜಿಗೆ... ಆಕಿಗೆ ಹೇಳೂದೇನೈತಿ, ಆಕಿ ಜೋಡೀನಽ ಇದ್ಲು. ನಾ ಎಲ್ಲೆರ ತಪ್ಪಿದ್ರ ಅಲ್ಲೇ ಅಡಗಿಮನ್ಯಾಗಿಂದ ತಿದ್ದತಾಳ, ನೋಡ್ತಿರು.

ನಂದೂ ನೌಕರಿ ಹೋಗಿತ್ತು. ಗೊತ್ತೈತಿ ಗೊತ್ತೈತಿ ಅನ್ನಬ್ಯಾಡ, ನಿಂಗ ಗೊತ್ತಿದ್ದದ್ದು 'ಮುತ್ಯಾನ ಗಿರಣಿ ಬಂದ್ ಆತು' ಅನ್ನೂದು, ಅಷ್ಟಽ. ಘಟಪ್ರಭಾ ಸ್ಟೇಶನ್ನಿಂದ ಆಚೆ ಒಂದು ನೂಲಿನ ಗಿರಣಿ ಇತ್ತು. ಈಗ ಅಲ್ಲಿ ಏನೂ ಇಲ್ಲ, ಗ್ವಾಡಿ ಅದಾವು, ಮ್ಯಾಲಿನ ತಗಡಿನ ಪತ್ರಾ ಎಲ್ಲಾ ಬಿಚ್ಚಿ ಒಯ್ದಾರ. ಆ ಗಿರಣ್ಯಾಗ ನಾ ಇಪ್ಪತ್ತೆರಡ ವರ್ಷ ಮಿಸ್ತ್ರಿ. ಅಲ್ಲ, ತಡಿ, ಮೊದಲ ನಾಕ ವರ್ಷ ಹೆಲ್ಪರ್, ಆಮ್ಯಾಲೆ ಮಿಸ್ತ್ರಿ. ನೂಲು ತೆಗಿಯೋ ಮಶೀನು, ಒಂದೊಂದಕ್ಕ ನೂಲು ಸುತ್ತಿಕೊಳ್ಳೂ ಕಡ್ಡಿ, ಕದರು ಅಂತೇವಿ, ನೂರಾರು, ಎಲ್ಲಾ ಒಮ್ಮೆಲೆ ಗರಾಗರಾ ತಿರಗತಾವು. ಆ ಸಪ್ಪಳದಾಗ ಬಾಜೂದಾಂವ ಏನಂದ ಅನ್ನೂದು ಮಂದಿಗೆ ಕೇಳಸ್ತಿರಲಿಲ್ಲ. ನನಗ ಯಾವ ಸಾಲಿನ್ಯಾಗ ಯಾವ ಕದರು ಕೆಡಾಕತ್ತೈತಿ ಅನ್ನೂದು ಕೇಳಸ್ತಿತ್ತು. ನೆಟ್ಟಗ ಹೋಗಿ ಅದರ ಮುಂದಽ ನಿಲ್ತಿದ್ನಿ. ಸಾಹೇಬ್ರು ಸುದ್ದಾ 'ಮಿಸ್ತ್ರಿ, ಇಲ್ಲಿ ಬರ್ರಿ' ಅಂತಿದ್ರು. 'ಬರ್ರಿ', ಗೊತ್ತಾತೇನು? ಆ 'ರಿ' ಐತಲ್ಲ, ಅದು ನಮ್ಮ ಮನಿತನದಾಗ ಯಾರಿಗೂ ಅಲ್ಲೀತನಕ ಸಿಕ್ಕಿರಲಿಲ್ಲ. ನಮ್ಮಪ್ಪ ಕಣಗಲಾದ ಹತ್ತಿರ ನಮ್ಮೂರಾಗ ಗೌಡ್ರ ಮನ್ಯಾಗ ಜೀತಕ್ಕಿದ್ದ. ನಾವು ಊರ ಹೊರಗಿನ ಕೇರಿಯವ್ರು, ಬುದ್ಧನ ಹಾದಿಗೆ ಬಂದದ್ದು ಆಮ್ಯಾಲೆ. ಗೌಡ್ರ ಹಿತ್ತಲದಾಗ ನಮ್ಮಪ್ಪನ ಗಂಗಾಳ ಬ್ಯಾರೆ, ಚಾದ ಬಟ್ಟಲಾ ಬ್ಯಾರೆ, ಉಂಡು ತೊಳದು ಗ್ವಾಡಿಗೆ ಬ್ವಾರಲ ಹಾಕಿ ಬರಬೇಕು. ಗಿರಣಿ ಗೇಟು ದಾಟಿದ್ರ ಎಲ್ಲಾರಿಗೂ ಒಂದಽ ಕಿಟ್ಲಿ ಚಾ, ಒಂದಽ ನಮೂನಿ ಕಪ್ಪು. ಮೊದಲನೇ ದಿನ ನಾ ಆ ಕಪ್ಪು ಕೈಯಾಗ ಹಿಡಕೊಂಡು ಸುಮ್ಮನ ನಿಂತಬಿಟ್ಟಿದ್ನಿ, ಚಾ ಆರಿ ಹೋತು. ಹಂಗಾಗಿ ಗಿರಣಿ ಅಂದ್ರ ನನಗ ಬರೇ ಪಗಾರ ಅಲ್ಲವಾ, ತಿಳೀತೇನು?

ಒಂದಿನ ಮುಂಜಾನೆ ಪಾಳಿಗೆ ಹೋದ್ವಿ. ಗೇಟಿಗೆ ಸರಪಳಿ. ಒಂದ ಕಾಗದ ಅಂಟಿಸ್ಯಾರ, ಇಂಗ್ಲಿಷಿನ್ಯಾಗ. ನಮ್ಮ ಜೋಡಿ ಒಬ್ಬ ಕಾರಕೂನ ಇದ್ದ, ಅವನ್ನ ಮುಂದ ದಬ್ಬಿ ಓದಸಿದ್ವಿ. ಓದಿದ, ಮತ್ತೊಮ್ಮೆ ಓದಿದ, ನನ್ನ ಕಡೆ ತಿರುಗಿ ಅಂದ, 'ಇದು ನಾಕ ದಿನದ್ದಲ್ರಿ ಮಿಸ್ತ್ರಿ, ಕಾಯಂ ಬಂದ್.' ನಾ ಕೇಳಿದ್ನಿ, 'ಮತ್ತ ನಾವು?' ಅಂವ ಮತ್ತ ಕಾಗದ ನೋಡಿದ. 'ನಮ್ಮ ಬಗ್ಗೆ ಇದರಾಗ ಏನೂ ಬರದಿಲ್ರಿ' ಅಂದ. ಯಾರೂ ಒದರಲಿಲ್ಲ, ಕಲ್ಲ ಒಗೀಲಿಲ್ಲ. ಆದ್ರ ಯಾರೂ ಮನಿಗೂ ಹೋಗಲಿಲ್ಲ. ಅಲ್ಲೇ ಗೇಟಿನ ಮುಂದ ಕುಂತ್ವಿ. ಮಧ್ಯಾಹ್ನ ಆತು, ಊಟದ ಭೋಂಗಾ ಆಗಲಿಲ್ಲ, ಆದ್ರ ಹೊಟ್ಟಿಗೆ ಹೊತ್ತು ಗೊತ್ತಿತ್ತಲ್ಲ, ಎಲ್ಲಾರೂ ಡಬ್ಬಿ ಬಿಚ್ಚಿ ಅಲ್ಲೇ ಧೂಳಿನ್ಯಾಗ ಉಂಡ್ವಿ. ಒಬ್ಬರ ಪಲ್ಯಾ ಒಬ್ರು ಹಾಕ್ಕೊಂಡು ಉಂಡ್ವಿ, ಹಬ್ಬದಂಗ. ಅದು ನಮ್ಮ ಕಡೀ ಊಟ ಆ ಗಿರಣಿದು. ಯೂನಿಯನ್ನು ಇತ್ತು, ಕೋರ್ಟಿಗೂ ಹೋತು, ಬರಬೇಕಾದ್ದು ಬಂತು ಖರೆ, ಐದಾರ ವರ್ಷಕ್ಕ, ತುಂಡ ತುಂಡ ಆಗಿ ಬಂತು. ಅಷ್ಟರಾಗ ಕೆಲವರು ಮಣ್ಣಾಗಿ ಹೋಗಿದ್ರು. ಅದು ಬಿಡು. ಗಿರಣಿ ಚಾಳಿನ ಖೋಲಿ ಬಿಡಬೇಕಾತು, ಘಟಪ್ರಭಾದಾಗ ಪತ್ರಾದ ಮನಿ ಬಾಡಿಗಿ ಹಿಡದ್ವಿ. ನಿಮ್ಮಜ್ಜಿ ಶೇವಂತಾ, ನಾ, ನಿಮ್ಮವ್ವ ಮಾಯಾ. ನಿಮ್ಮವ್ವ ಆವಾಗ ಗೋಕಾಕ ಕಾಲೇಜಿನ್ಯಾಗ ಪಿಯುಸಿ ಸೈನ್ಸ್, ಹದಿನೇಳ ವರ್ಷದಾಕಿ. ನನಗ ನಲವತ್ತೆರಡೋ ನಲವತ್ತಮೂರೋ.

ಅಲ್ಲಿಂದ ಸುರು ಆತು ತಿರುಗಾಟ. ಎಲ್ಲಿ ಹೋದ್ರೂ 'ವಯಸ್ಸಾಗೇತಿ', 'ನಮ್ಮಲ್ಲಿ ಆ ಮಶೀನಿಲ್ಲ', 'ಕಬ್ಬಿನ ಹಂಗಾಮಿಗೆ ಬಾ ನೋಡೂಣು'. ಗೋಕಾಕ ಹಾದಿ ಮ್ಯಾಲೆ ಒಂದು ಕಾರ್ಖಾನಿ, ಹೆಸರು ಬ್ಯಾಡ ಈಗ, ಅಲ್ಲೂ ಹೋದ್ನಿ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು, ಸರ್ಟಿಫಿಕೇಟು ಪ್ಲಾಸ್ಟಿಕ್ ಚೀಲದಾಗ ಇಟಗೊಂಡು. ಅಲ್ಲಿ ಸಾಹೇಬ ನನಗಿಂತ ಸಣ್ಣಾಂವ. ಕೂಡು ಅನ್ನಲಿಲ್ಲ. 'ಎಷ್ಟ ವರ್ಷ ಕೆಲಸಾ ಮಾಡೀಯಪಾ?' ಅಂದ. 'ಇಪ್ಪತ್ತೆರಡ್ರಿ' ಅಂದ್ನಿ. 'ಆ ಇಪ್ಪತ್ತೆರಡು ನಮಗೇನೂ ಉಪಯೋಗಿಲ್ಲ, ನಮ್ಮ ಮಟ್ಟಿಗೆ ನೀ ಹೊಸಬ' ಅಂದ. ಅದೂ ಇರಲಿ ಅಂದ್ಕೊಂಡ್ನಿ, ಹೊಟ್ಟಿ ಪ್ರಶ್ನೆ. ಆಮ್ಯಾಲೆ ಕೆಳಗಿನ ಕಾಗದ ತಗದ, ಜಾತಿದ್ದು. ಓದಿದ. ಮುಖಾನಽ ಬದಲಾತು ಅವಂದು, ಸಿಟ್ಟಿಗಲ್ಲ, ಏನೋ ಸಮಸ್ಯೆ ಬಗಿಹರದವರಂಗ. 'ಒಂದ ಜಾಗಾ ಐತಿ ನೋಡು. ಸಂಡಾಸ, ಗಟಾರ ಸ್ವಚ್ಛ ಇಡೂದು. ನಿಮ್ಮ ಮಂದಿಗೆ ರೂಢಿ ಇರ್ತೈತಲ್ಲ.' ನೋಡು, ಆ ಕೆಲಸಾ ಮಾಡಾವ್ರು ಕೀಳ ಅಂತ ನಾ ಅನ್ನಾಂವಲ್ಲ, ಯಾವತ್ತೂ ಅನ್ನಬ್ಯಾಡ್ರಿ ನೀವೂ. ಆದ್ರ ಅಂವ ನನ್ನ ಕೈ ನೋಡಿ ಆ ಕೆಲಸಾ ಕೊಡಲಿಲ್ಲ, ಕಾಗದ ನೋಡಿ ಕೊಟ್ಟ. ನಾ ಹೇಳಿದ್ನಿ, 'ನನಗ ಕದರಿನ ರೂಢಿ ಐತ್ರಿ ಸಾಹೇಬ್ರ, ಗಟಾರದ ರೂಢಿ ಇಲ್ಲ. ಈ ಕಾಗದ ಯಾರಿಗೂ ರೂಢಿ ಕಲಸಂಗಿಲ್ಲ.' ಸರ್ಟಿಫಿಕೇಟು ಅವನ ಟೇಬಲ್ ಮ್ಯಾಲಿಂದ ನಾನಽ ಎತ್ತಿಕೊಂಡು, ಚೀಲದಾಗ ಇಟಗೊಂಡು ಬಂದ್ನಿ. ಗೇಟಿನ ನಳದಾಗ ನೀರ ಕುಡದು, ಗೋಕಾಕತನಕ ನಡಕೊಂಡ ಬಂದ್ನಿ, ಬಸ್ಸಿನ ರೊಕ್ಕಾ ಉಳಸಾಕ.

ನಾಕ ತಿಂಗಳಾತು. ಊರಿಂದ ಅಪ್ಪ ಹೇಳಿ ಕಳಿಸಿದ, ಬಂದ ಹೋಗು ಅಂತ. ಹೋದ್ನಿ. ಅಪ್ಪಗ ಆವಾಗ ಎಪ್ಪತ್ತರ ಮ್ಯಾಲೆ, ನಡಾ ಬಾಗಿತ್ತು, ಗೌಡ್ರ ಮನಿ ಕೆಲಸಾ ಬಿಟ್ಟು ಒಂದ ವರ್ಷ ಆಗಿತ್ತು. ಉಂಡಮ್ಯಾಲೆ ಎಲಿ ಅಡಕಿ ಹಾಕ್ಕೊಂಡು ಮೆಲ್ಲಕ ಸುರು ಮಾಡಿದ. 'ಗೌಡ್ರು ಕರದಿದ್ರು ತಮ್ಮಾ. ನಿನ್ನ ಮಗನ ಗಿರಣಿ ಹೋತಂತಲ್ಲ, ನಿನ್ನ ಜಾಗಾ ಖಾಲಿ ಐತಿ, ಬಂದು ನಿಂದ್ರಂತ ಹೇಳು ಅಂದ್ರು. ಕಾಳು ಕೊಡ್ತಾರಂತ, ಪಗಾರಾನೂ ಕೊಡ್ತಾರಂತ. ಇಲ್ಲೆ ಬಾಡಿಗಿ ಇಲ್ಲ, ಕೂಸು ಉಪವಾಸ ಬೀಳಂಗಿಲ್ಲ.' ಈಗ ಖರೆ ಹೇಳ್ತೇನಿ ಕೇಳ್ರಿ, ಗೌಡ್ರು ಕೊಡ್ತೇನಿ ಅಂದದ್ದು ನನಗ ಬ್ಯಾರೆ ಎಲ್ಲಿ ಸಿಕ್ಕಿದ್ದಕ್ಕೂ ಹೆಚ್ಚಿತ್ತು. ಅದಕ್ಕಽ ನನಗ ಅಷ್ಟ ಸಿಟ್ಟ ಬಂತು ಅಂತ ಕಾಣ್ತೈತಿ. ಆಶಾ ಆಗಿತ್ತಲ್ಲ ಒಂದ ಕ್ಷಣ, ಆ ಆಶಾದ ಸಿಟ್ಟು ಅಪ್ಪನ ಮ್ಯಾಲೆ ತಗದ್ನಿ. 'ಐವತ್ತ ವರ್ಷ ನೀ ಬ್ವಾರಲ ಹಾಕಿದ ಗಂಗಾಳ ಈಗ ನನ್ನ ಕೈಯಾಗ ಕೊಡಾಕ ಕರಸಿದ್ಯೇನು?' ಅಂದ್ನಿ. ಜೋರಾಗಿ ಅಂದ್ನಿ, ಕೇರಿಗೆಲ್ಲಾ ಕೇಳೂವಂಗ. ಅಪ್ಪ ಬಾಯಾಗಿನ ಎಲಿ ಉಗಳಿ ಬಂದು ಮಲಗಿಬಿಟ್ಟ. ನೌಕರಿ ಹೋದದ್ದಕ್ಕ ನಾ ಯಾವತ್ತೂ ನಾಚಿಲ್ಲ ತಂಗಿ. ಆ ಮಾತಿಗೆ ಇವತ್ತೂ ನಾಚತೇನಿ. ಅಂವಗ ಅದನ್ನ ಬಿಟ್ಟು ಮತ್ತೊಂದ ಗಂಗಾಳ ಯಾರ ಕೊಟ್ಟಿದ್ರು? ಅದರಾಗ ಉಂಡು ಅಂವ ನನ್ನನ್ನ ಸಾಲಿಗೆ ಹಚ್ಚಿದ್ದ, ಅದಕ್ಕಽ ನಾ ಗಿರಣಿ ಗೇಟ ದಾಟಿದ್ದು.

ಮುಂಜಾನೆ ಎದ್ದು ನೋಡ್ತೇನಿ, ಅಪ್ಪ ಇಲ್ಲ. ಬಾಜೂ ಮನಿ ಕಾಕಾ ನಾ ಬಸ್ಸಿಗೆ ಹೊಂಟಾಗ ಹೇಳಿದ, ಅಂವ ಗೌಡ್ರ ಮನಿ ಹತ್ರಾನ ಇದ್ನಂತ, ಎಲ್ಲಾ ಕಣ್ಣಾರೆ ನೋಡ್ಯಾನ. ಅಪ್ಪ ಹೋಗಿ ಅಂಗಳದಾಗ ನಿಂತ. ಅವ್ರು ರೂಢಿಯಂಗ ಅವನ ಬಟ್ಟಲದಾಗ ಚಾ ತಂದ್ರು. ಅಪ್ಪ ಮುಟ್ಟಲಿಲ್ಲ. 'ನನ್ನ ಮಗ ಬರಂಗಿಲ್ರಿ, ಅಂವ ಮಿಸ್ತ್ರಿ ಅದಾನ' ಅಂದ. ಗೌಡ್ರು ನಕ್ಕರಂತ, 'ಗಿರಣೀನಽ ಹೋತು, ಇನ್ನೆಲ್ಲಿ ಮಿಸ್ತ್ರಿ?' ಅಪ್ಪ ಅಂದ್ನಂತ, 'ಗಿರಣಿ ಹೋಗೇತ್ರಿ. ಅಂವ ಎಲ್ಲಿ ಹೋಗ್ಯಾನ?' ಅಷ್ಟಽ. ತಿರುಗಿ ಬಂದ. ಐವತ್ತ ವರ್ಷ ಆ ಅಂಗಳದಾಗ 'ಹೂಂನ್ರಿ' ಬಿಟ್ಟು ಬ್ಯಾರೆ ಮಾತ ಆಡಿರಲಿಲ್ಲ ಅಂವ. ಮನಿಗೆ ಬಂದಾಂವ 'ನಿನ್ನ ಬಸ್ಸು ಎಷ್ಟಕ್ಕೈತಿ?' ಅಂತಷ್ಟಽ ಕೇಳಿದ. ನಾ ಬಸ್ಸಿನ್ಯಾಗ ಕುಂತಾಗ, ಸಂಕೇಶ್ವರ ದಾಟೂತನಕ, ಅಪ್ಪನ ಅದೊಂದಽ ಮಾತು. ಅಂವ ಎಲ್ಲಿ ಹೋಗ್ಯಾನ? ಅಂವ ಎಲ್ಲಿ ಹೋಗ್ಯಾನ?

ಮರುವಾರ ಘಟಪ್ರಭಾದಾಗ ಒಂದು ಮೋಟರ್ ಸುತ್ತೋ ಅಂಗಡಿಗೆ ಹೋದ್ನಿ. ಹೊಲದ ಬಾವಿ ಮೋಟರು ಸುಟ್ಟಿರ್ತಾವಲ್ಲ, ಹಳೇ ತಂತಿ ಕಿತ್ತು ಹೊಸಾ ತಾಮ್ರದ ತಂತಿ ಸುತ್ತಿ ಕೊಡೂದು. ಮಾಲಕ ಮಹಾಂತೇಶ, ತರುಣ, ಇಪ್ಪತ್ತೆಂಟರಾಂವ, ಕೊರಳಾಗ ಲಿಂಗ. ಅಂವ ಪಗಾರ ಹೇಳಿದ, ಗಿರಣಿ ಪಗಾರದ ಮೂರರಾಗ ಒಂದ ಪಾಲು. 'ಹೊಸಬರಿಗೆ ಇಷ್ಟಽ ನೋಡ್ರಿ ಕಾಕಾ' ಅಂದ. ನಾ ಅಂದ್ನಿ, 'ಪಗಾರ ನಿಮ್ಮ ಕೈಯಾಗೈತಿ, ಇದ್ದಷ್ಟ ಕೊಡ್ರಿ. ಆದ್ರ ಹೊಸಬ ಅನಬ್ಯಾಡ್ರಿ. ಮೋಟರಿಗೆ ಹೊಸಬ ನಾ, ಕೆಲಸಕ್ಕ ಅಲ್ಲ.' ಅಂವ ಒಮ್ಮೆ ನನ್ನ ಮುಖಾ ನೋಡಿ, 'ಆತ್ರಿ ಮಿಸ್ತ್ರಿ' ಅಂದ. ಅದಾತು. ಮಧ್ಯಾಹ್ನ ಎದುರಿನ ಹೊಟೇಲಿನಾಂವ ಚಾ ತಂದ. ಉಳದವರಿಗೆಲ್ಲಾ ಕಾಜಿನ ಗ್ಲಾಸು, ನನಗೊಂದು ಪ್ಲಾಸ್ಟಿಕ್ ಕಪ್ಪು. ಅಂವ ನಮ್ಮೂರ ಕಡ್ಯಾಂವ, ನನ್ನ ಕೇರಿ ಅವನಿಗೆ ಗೊತ್ತು. ನಾ ಕೈ ಮುಂದ ಮಾಡಲಿಲ್ಲ. ಜಗಳಾನೂ ಮಾಡಲಿಲ್ಲ. 'ಇಪ್ಪತ್ತೆರಡ ವರ್ಷ ಎಲ್ಲಾರ ಜೋಡಿ ಒಂದಽ ಕಿಟ್ಲಿದು ಕುಡದೇನಿ. ಗ್ಲಾಸ್ ಕಡಿಮಿ ಇದ್ರ ನನಗ ಚಾ ಬ್ಯಾಡ, ನೀರ ಸಾಕು' ಅಂದು ತಂತಿ ಕೀಳಾಕ ಕುಂತ್ನಿ. ಮಹಾಂತೇಶಗ ಒಂದ ಗಳಿಗಿ ತಿಳೀಲಿಲ್ಲ, ತಿಳದಮ್ಯಾಲೆ ಹುಡುಗನ ಮುಖಾ ಕೆಂಪಾತು. ತನ್ನ ಗ್ಲಾಸು ನನ್ನ ಮುಂದ ಇಟ್ಟು, ಆ ಪ್ಲಾಸ್ಟಿಕ್ ಕಪ್ಪು ತಾ ಕುಡದ. ಹೊಟೇಲಿನಾಂವಗ ಅಂದ, 'ನಾಳಿಂದ ಗ್ಲಾಸ್ ಎಣಿಸಿ ತಾ. ದಿನಾ ಮುಂಜಾನೆ ಮನ್ಯಾಗ ವಚನ ಹೇಳ್ತೇವಿ ನಾವು, ಅಂಗಡ್ಯಾಗ ಇದನ್ನ ಮಾಡ್ಲೇನು?' ಒಳ್ಳೇ ಹುಡುಗ. ಆದ್ರ ಪಗಾರ ಮಾತ್ರ ಹೆಚ್ಚ ಮಾಡಲಿಲ್ಲ ಬಿಡು, ಅದು ಅದಽ.

ನಲವತ್ತಮೂರಕ್ಕ ಹೊಸಾ ವಿದ್ಯಾ ಕಲಿಯೂದು ಅಂದ್ರ ಏನು ಗೊತ್ತೇನು? ಕೂದಲಿನಂಥಾ ತಂತಿ, ಎಣಿಸಿ ಸುತ್ತಬೇಕು, ಒಂದ ಸುತ್ತು ತಪ್ಪಿದ್ರ ಎಲ್ಲಾ ಸುಟ್ಟ ಹೋಗ್ತೈತಿ. ನಾ ಸುತ್ತಿದ ಮೊದಲನೇ ಮೋಟರು ಕಲ್ಲೋಳಿ ರೈತಂದು. ಒಯ್ದು ಹಚ್ಚಿದ, ಒಂದ ತಾಸಿಗೆ ಹೊಗಿ. ವಾಪಸ ತಂದು ನನ್ನ ಮುಂದ ಇಟ್ಟ, ಬೈಯಲಿಲ್ಲ, ಬೈದಿದ್ರ ಚಲೋ ಇತ್ತು. ರವಿವಾರ ಸೂಟಿ ದಿನಾ ಕುಂತು, ಪುಕ್ಕಟೆ ಮತ್ತ ಸುತ್ತಿ ಕೊಟ್ನಿ. ಚಸ್ಮಾ ಬಂದದ್ದು ಆವಾಗ. ಶೇವಂತಾ ಕಲ್ಲೋಳಿ ಕಡೆ ಹೊಲದಾಗ ಕಸಾ ತೆಗಿಯಾಕ ಹೋಗ್ತಿದ್ಲು. ನಾ ಒಮ್ಮೆ ಅಂದ್ನಿ, ನಾ ಗೌಡ್ರ ಹೊಲಕ್ಕ ಒಲ್ಲೆ ಅಂದು ನಿನ್ನನ್ನ ಮಂದಿ ಹೊಲಕ್ಕ ಹಚ್ಚಿದ್ನಲ್ಲ ಅಂತ. ಆಕಿ... ಏನಂದಿದ್ದಿ ಶೇವಂತಾ? ಕೇಳಿಸ್ತೇನು? ಹೂಂ, ಅದಽ, ಆಕೀನಽ ಹೇಳಾಕತ್ತಾಳ ನೋಡು, 'ಕೂಲಿ ನಾ ಮಾತಾಡಿ ಹೋಗ್ತಿದ್ನಿ, ಹೊತ್ತ ಮುಣಗಿದ್ರ ನನ್ನ ಮನಿಗೆ ಬರ್ತಿದ್ನಿ. ಅದಕ್ಕೂ ಇದಕ್ಕೂ ಹೋಲಿಸಬ್ಯಾಡ' ಅಂತ. ಅಷ್ಟ ತಿಳೀತಿತ್ತು ಆಕಿಗೆ, ನನಗಿಂತ ಮೊದಲ.

ಈಗ ನಿಮ್ಮವ್ವನ ಮಾತು. ಮಾಯಾಗ ಸಣ್ಣಾಕಿದ್ದಾಗಿಂದ ಮಶೀನಿನ ಹುಚ್ಚು. ಚಾಳಿನ್ಯಾಗಿದ್ದಾಗ ನನ್ನ ನಟ್ಟು ಬಿಚ್ಚೂ ಪಾನಾ ಇಸಗೊಂಡು ಸೈಕಲ್ ಬಿಚ್ಚಿ ಜೋಡಿಸ್ತಿದ್ಲು. ಇಂಜಿನಿಯರ್ ಆಗ್ತೇನಿ ಅಂತಿದ್ಲು, ಮಾರ್ಕ್ಸೂ ಹಂಗಽ ಇದ್ವು. ಪಿಯುಸಿ ಮುಗೀತು. ಫೀ ಮನ್ನಾ ಆಗೂದು ಸ್ವಲ್ಪ ಇತ್ತು ಖರೆ, ಆದ್ರ ಊರು ಬಿಟ್ಟು ಹಾಸ್ಟೆಲ್, ನಾಕ ವರ್ಷ, ಆಕಿ ದುಡದು ಕೊಡೂದಂತೂ ದೂರಽ ಉಳೀತು. ನಾ ಲೆಕ್ಕಾ ಹಾಕೂದನ್ನ ಆಕಿ ನೋಡಿರಬೇಕು. ಒಂದಿನ ರೊಟ್ಟಿ ತಿನ್ನೂವಾಗ ಅಂದ್ಲು, 'ಅಪ್ಪಾ, ನನಗ ಗಣಿತ ಸೇರಂಗಿಲ್ಲ. ನಾ ಸಾಲಿ ಟೀಚರ್ ಆಗ್ತೇನಿ, ಮನ್ಯಾಗ ಇದ್ದಽ ಕಲೀತೇನಿ.' ನಾ ನಂಬಿದ್ನಿ. ಅಲ್ಲ, ಸುಳ್ಳ ಹೇಳಬಾರದು, ನನಗ ನಂಬೂದು ಬೇಕಾಗಿತ್ತು, ಅದಕ್ಕ ನಂಬಿದ್ನಿ. ಎದಿ ಮ್ಯಾಲಿನ ಕಲ್ಲ ಇಳದಂಗಾತು. ಒಂದ ವರ್ಷ ಆತು. ಬಾಡಿಗಿ ಮನಿ ಮಾಲಕರ ಮಕ್ಕಳು ಸಂಜಿಗೆ ಈಕಿ ಹತ್ರ ಗಣಿತ ಹೇಳಿಸ್ಕೊಳ್ಳಾಕ ಬರಾಕತ್ತಿದ್ರು. ನಾ ಹೊರಗ ಕಟ್ಟಿ ಮ್ಯಾಗ ಕುಂತಿದ್ನಿ, ಒಳಗಿಂದ ಈಕಿ ಧ್ವನಿ. ಒಂದ ಲೆಕ್ಕಾ ಬಿಡಿಸಿ ತೋರಸ್ತಾಳ, ಮತ್ತ ಅದನ್ನಽ ಬ್ಯಾರೆ ನಮೂನಿಲೆ ಬಿಡಸ್ತಾಳ, ನಗತಾಳ. ಗಣಿತ ಸೇರದವರ ಧ್ವನಿ ಹಂಗಿರಂಗಿಲ್ಲ. ನೂರಾರು ಕದರಿನ್ಯಾಗ ಒಂದ ಕೆಟ್ಟದ್ದು ಕೇಳಸ್ಕೊಳ್ಳೂ ಕಿವಿ ಇದು, ಮಗಳ ಸುಳ್ಳು ಒಂದ ವರ್ಷ ಕೇಳಸ್ಕೊಳ್ಳಲಿಲ್ಲ. ಒಳಗ ಹೋಗಿ ಏನೂ ಕೇಳಲಿಲ್ಲ. ಇವತ್ತಿನತನಕಾ ಕೇಳಿಲ್ಲ. ಏನು? ನೀ ಕೇಳ್ತೀಯೇನು? ಕೇಳು. ನಿಮ್ಮವ್ವ ಸಾಲಿಯಿಂದ ಬಂದಮ್ಯಾಲೆ ಕೇಳು ಬೇಕಾದ್ರ, ಮುತ್ಯಾಗ ಎಲ್ಲಾ ಗೊತ್ತೈತಿ ಅಂತಾನೂ ಹೇಳು. ನನಗ ಆ ಧೈರ್ಯ ಆಗಲಿಲ್ಲ, ಆ ಸಾಹೇಬನ ಮುಂದ ಆದದ್ದು ಮಗಳ ಮುಂದ ಆಗಲಿಲ್ಲ.

ಮಂದಿ ಅಂತಾರ, 'ನೋಡ್ರಿ, ಎಲ್ಲಾ ಒಳ್ಳೇದಕ್ಕಽ ಆತು. ಮಗಳು ಮೂಡಲಗಿ ಸಾಲ್ಯಾಗ ಟೀಚರ್, ಸ್ವಂತ ಮನಿ ಆತು, ನೀವು ಆರಾಮ ಅದೀರಿ.' ನಾ ಒಪ್ಪಂಗಿಲ್ಲ. ಒಳ್ಳೇದಕ್ಕ ಆಗಲಿಲ್ಲ. ನಾವು ಒಳ್ಳೇದು ಮಾಡ್ಕೊಂಡ್ವಿ, ಅದು ಬ್ಯಾರೆ. ಆ ಗಿರಣಿ ನಡದಿದ್ರ ನಿಮ್ಮವ್ವ ಇಂಜಿನಿಯರ್ ಆಗ್ತಿದ್ಲು, ಶೇವಂತಾನ ಮೊಣಕಾಲು ಹಿಂಗ ಆಗ್ತಿರಲಿಲ್ಲ. ಹದಿನೇಳ ವರ್ಷ ನಾ ಆ ಅಂಗಡ್ಯಾಗ ದುಡದ್ನಿ. ವರ್ಷಾ ವರ್ಷಾ ಸ್ವಲ್ಪ ಸ್ವಲ್ಪ ಏರ್ತು. ಹನ್ನೆರಡನೇ ವರ್ಷಕ್ಕೋ ಏನೋ ಪಗಾರದ ನೋಟು ಗಿರಣಿ ಪಗಾರದಷ್ಟು ಆದ್ವು, ನಾ ಪೇಡೆ ತಂದಿದ್ನಿ. ಶೇವಂತಾ ಪೇಡೆ ತಿಂದು ಅಂದ್ಲು, 'ನೋಟು ಮುಟ್ಟಿದ್ವು, ಜ್ವಾಳ ಎಲ್ಲಿ ಮುಟ್ಟಿತು? ಆವಾಗಿನ ರೊಕ್ಕಕ್ಕ ಬರೂ ಜ್ವಾಳದಾಗ ಈಗ ಅರ್ಧಾ ಬರಂಗಿಲ್ಲ.' ಖರೇನಽ. ಹಳೇ ಪಗಾರ ಮತ್ತ ನನ್ನ ಕೈಗೆ ಹತ್ತಲಿಲ್ಲ, ಯಾವತ್ತೂ. ಇದನ್ನ ಯಾರೂ ಹೇಳಂಗಿಲ್ಲ. ನೌಕರಿ ಹೋತು ಅಂದ್ರ ಒಂದ ತಿಂಗಳ ಪಗಾರ ಹೋತು, ಎರಡ ತಿಂಗಳದ್ದ ಹೋತು, ಮತ್ತ ಹೊಸಾದ ಸಿಕ್ಕಿತು, ಮುಗೀತು ಅಂತಾರ. ಮುಗಿಯಂಗಿಲ್ಲವಾ. ಮುಂದಿನ ಹೊಸಾ ಮಾಲಕ ಸೊನ್ನಿಯಿಂದ ಎಣಸಾಕ ಸುರು ಮಾಡ್ತಾನ, ಆ ಸೊನ್ನಿ ಪಿಂಚಣಿತನಕಾ ಬೆನ್ನ ಹತ್ತತೈತಿ, ಮಕ್ಕಳ ಸಾಲಿತನಕಾ ಹೊಕ್ಕೈತಿ.

ಅದಕ್ಕಽ ನಿನ್ನ ಕರದ್ನಿ. ನೀ ಹೊಸಾ ಕೆಲಸಕ್ಕ ತುಂಬಿಟ್ಟ ಆ ಹೈವೇ ಬಾಜೂದ ಕಾರ್ಖಾನಿ ಕಾಗದ ಅಡಗಿಮನಿ ಟೇಬಲ್ ಮ್ಯಾಲೆ ನೋಡಿದ್ನಿ, ರಾಹುಲನ ಕಡೆಯಿಂದ ಓದಸಿದ್ನಿ, ಸಿಟ್ಟಾಗಬ್ಯಾಡ. ಪಗಾರ ಕಡಿಮಿ, ಅದು ಅವರ ಬುದ್ಧಿ. ಆದ್ರ 'ಅನುಭವ' ಅನ್ನೂ ಜಾಗಾದಾಗ ನೀನಽ ಸೊನ್ನಿ ಬರದೀಯಲ್ಲ, ಅದು ಯಾರ ಬುದ್ಧಿ? ಮೂರ ವರ್ಷ ಎಲ್ಲಿ ಹೋದ್ವು? ಹಿಂದಿನ ಕೆಲಸಾ ಯಾಕ ಬಿಟ್ಟಿ ಅನ್ನೂ ಕಡೆ 'ಸ್ವಂತ ಕಾರಣ' ಅಂತ ಬರದಿ. ಸ್ವಂತ ಕಾರಣ ಏನಿತ್ತಽ ನಿಂದು? ಹೆದರಿಕಿ ಐತಿ, ಗೊತ್ತೈತಿ, ತಗದವ್ರನ್ನ ಯಾರೂ ತಗೋಳಂಗಿಲ್ಲ ಅಂತ ನಿಂಗ ಯಾರೋ ಹೇಳ್ಯಾರ. ನನಗೂ ಹೇಳಿದ್ರು. ಆ ಕೆಲಸಾ ಸೇರು, ಬ್ಯಾಡ ಅನ್ನಂಗಿಲ್ಲ ನಾ, ಮನ್ಯಾಗ ಕುಂತ್ರ ಯಾರೂ ಮರ್ಯಾದಿ ತಂದ ಕೊಡಂಗಿಲ್ಲ. ಆದ್ರ ಆ ಕಾಗದ ತಗೊಂಡ ಬಾ, ಪೆನ್ನ ತಗೊಂಡ ಬಾ, ಸೊನ್ನಿ ಹೊಡದ ಹಾಕಿ ಮೂರು ಅಂತ ಬರಿ. ಕಂಪನಿ ಕೆಲಸದಿಂದ ತಗೀತು ಅಂತ ಬರಿ. ಬಾಜೂ ಮನಿ ಅಕ್ಕಗೂ ಹೋಗಿ ಹೇಳಿ ಬಾ, ನಿನ್ನೆ ಹೇಳಿದ್ದು ಖರೆ ಅಲ್ಲ ಅಂತ. ಪಗಾರ ಕಡಿಮಿ ಆತಂದ್ರ ಒಂದ ರೊಟ್ಟಿ ಕಡಿಮಿ ತಿನ್ನವಾ. ತಲಿ ತಗ್ಗಿಸಬ್ಯಾಡ.